ಒಲೆ ಮೇಲೆ ಸುಟ್ಟ ತಾಮ್ರದ ತಗಡು ಬಿಸಿಲಿಗೆ ಕರೆಂಟು ಕೊಟ್ಟಿತು, ನಾಲ್ಕೇ ದಿನಕ್ಕೆ ಸೊರಗಿತು. ಯಾಕೆ?

ಪಿಯು ಫಿಸಿಕ್ಸ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅರೆವಾಹಕಗಳ ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಸೋಲಾರ್ ಸೆಲ್ ಅನ್ನು ಕೈಯಾರೆ ಮಾಡಿ ತೋರಿಸಬೇಕು ಅನ್ನಿಸಿತು. ಸಿಲಿಕಾನ್ ನಮ್ಮ ಕೈಗೆ ಬಗ್ಗುವುದಲ್ಲ. ತಾಮ್ರ ಬಗ್ಗುತ್ತದೆ.

ಪಾತ್ರೆ ಮಾಡುವವರ ಹತ್ತಿರ ದಪ್ಪ ತಗಡು ತಂದೆವು. (ಯಂತ್ರ ಬರೆಯೋಕೆ ಮಾರುವ ತೆಳು ತಗಡು ಬೇಡ, ಬಿಸಿಗೆ ಸುರುಟಿಕೊಳ್ಳುತ್ತದೆ.) 6 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಎರಡು ತುಂಡು. ಮರಳು ಕಾಗದದಲ್ಲಿ ತಿಕ್ಕಿ, ಸೋಪಿನಲ್ಲಿ ತೊಳೆದು ಒರೆಸಿದೆವು. ಒಂದನ್ನು ಹಾಗೇ ಇಟ್ಟೆವು. ಇನ್ನೊಂದನ್ನು ಎಲೆಕ್ಟ್ರಿಕ್ ಒಲೆಯ ಕಾಯಿಲ್ ಮೇಲಿಟ್ಟು ಪೂರ್ತಿ ಉರಿ ಕೊಟ್ಟೆವು. ಮೊದಲು ಕಿತ್ತಳೆ, ಆಮೇಲೆ ನೇರಳೆ, ನವಿಲುಗರಿಯ ಬಣ್ಣ ಎಲ್ಲ ಬಂದು ಹೋಯಿತು. ಕೊನೆಗೆ ಇದ್ದಿಲಿನಂಥ ಕಪ್ಪು. ಅರ್ಧ ಗಂಟೆ ಸುಟ್ಟು, ಒಲೆ ಆರಿಸಿ, ತಗಡನ್ನು ಮುಟ್ಟದೆ ಅಲ್ಲೇ ಆರಲು ಬಿಟ್ಟೆವು.

ಆಗ ಶುರುವಾಯಿತು ನೋಡಿ. ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಕರಿ ಪದರ ಚಕ್ಕೆ ಚಕ್ಕೆಯಾಗಿ ಎದ್ದು ಹಾರಿತು. ತಾಮ್ರ ಕುಗ್ಗುವ ವೇಗವೇ ಬೇರೆ, ಆಕ್ಸೈಡ್ ಕುಗ್ಗುವ ವೇಗವೇ ಬೇರೆ, ಅದಕ್ಕೆ. ಕೆಳಗೆ ಹಳೇ ಹೆಂಚಿನ ಬಣ್ಣದ ಕೆಂಪು ಪದರ ಕಂಡಿತು. ಅದೇ ನಮಗೆ ಬೇಕಾದ ಅರೆವಾಹಕ, ಕ್ಯೂಪ್ರಸ್ ಆಕ್ಸೈಡ್.

ಎರಡೂ ತಗಡನ್ನು ಉಪ್ಪುನೀರು ತುಂಬಿದ ಗಾಜಿನ ಜಾಡಿಯಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಮೀಟರ್ ಜೋಡಿಸಿದೆವು. ನೆರಳಲ್ಲಿ 4 ಮೈಕ್ರೋ ಆಂಪಿಯರ್. ಮಧ್ಯಾಹ್ನದ ಬಿಸಿಲಲ್ಲಿ 38. ಒಬ್ಬ ಹುಡುಗಿ ಕೈ ಅಡ್ಡ ಹಿಡಿದಳು, ತಕ್ಷಣ ಮುಳ್ಳು ಇಳಿಯಿತು. ಕೈ ತೆಗೆದಳು, ಏರಿತು. ಇಡೀ ಕ್ಲಾಸು ಸಾಲುಗಟ್ಟಿ ನಿಂತು ಕೈ ಅಡ್ಡ ಹಿಡಿಯಿತು.

ಈಗ ನನ್ನ ಪ್ರಶ್ನೆ. ಎರಡನೇ ದಿನ 25 ಬಂತು. ನಾಲ್ಕನೇ ದಿನ ಬರೀ 11. ಅದೇ ಬಿಸಿಲು, ಅದೇ ಜಾಗ. ತಗಡಿನ ಕೆಂಪು ಮಾಸಿ ಕಪ್ಪಗಾಗಿದೆ. ನಾವು ಏನು ತಪ್ಪು ಮಾಡಿದೆವು?

ಹಂಡೆ ಒಲೆ

ಮೇಷ್ಟ್ರೇ, ಓದಿ ಖುಷಿಯಾಯಿತು. ನಮ್ಮ ಮನೆಯಲ್ಲಿ ಇನ್ನೂ ಬಚ್ಚಲ ಒಲೆ ಇದೆ, ತಾಮ್ರದ ಹಂಡೆ ಇದೆ. ಅದರ ಹೊರಗಿನ ಕಪ್ಪೂ ಇದೇನಾ? ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುವುದು ಇದೇ ಪದರಾನಾ?

ಕೆಂಪು ಫಿಲ್ಮ್

ಮೇಷ್ಟ್ರೇ, ನೀವು ಏನೂ ತಪ್ಪು ಮಾಡಿಲ್ಲ. ನಾನು ಪಿಎಚ್‌ಡಿಗೆ ಇದೇ ಕ್ಯೂಪ್ರಸ್ ಆಕ್ಸೈಡಿನ ಫಿಲ್ಮ್ (ತೆಳು ಪದರ) ಮೇಲೆ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಜಾಡಿಯಲ್ಲಿ ನಾಲ್ಕು ದಿನದಲ್ಲಿ ಆದದ್ದು ನಮ್ಮ ಲ್ಯಾಬಿನಲ್ಲಿ ಕೆಲವೇ ನಿಮಿಷದಲ್ಲಿ ಆಗುತ್ತದೆ.

ಮೊದಲು ಹಂಡೆ ಒಲೆ ಅಮ್ಮನ ಪ್ರಶ್ನೆಗೆ ಉತ್ತರ. ಹಂಡೆಯ ಹೊರಗಿನ ಕಪ್ಪು ಬಹುಪಾಲು ಮಸಿ, ಅದರಡಿ ಸ್ವಲ್ಪ ಕಪ್ಪು ಆಕ್ಸೈಡ್ ಇರುತ್ತದೆ. ದೇವರ ಮನೆಯ ಚೊಂಬು ಮಂಕಾಗುತ್ತದಲ್ಲ, ಅದರಲ್ಲಿ ಮುಖ್ಯವಾಗಿ ಇರುವುದು ಈ ಕೆಂಪು ಆಕ್ಸೈಡಿನ ತೆಳು ಪದರ. ಹುಣಸೆಯ ಹುಳಿ ಅದನ್ನು ಕರಗಿಸುತ್ತದೆ. ಹಸಿರು ಕಿಲುಬು ಬೇರೆಯದೇ ವಸ್ತು, ಅದಕ್ಕೆ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎಲ್ಲ ಸೇರಬೇಕು.

ತಾಮ್ರಕ್ಕೆ ಎರಡು ಆಕ್ಸೈಡ್. ಕೆಂಪಿನಲ್ಲಿ ಎರಡು ತಾಮ್ರಕ್ಕೆ ಒಂದು ಆಮ್ಲಜನಕ. ಕಪ್ಪಿನಲ್ಲಿ ಒಂದಕ್ಕೆ ಒಂದು. ಒಲೆಯ ಮೇಲೆ ಗಾಳಿಗೆ ಒಡ್ಡಿದ ಹೊರಮೈಗೆ ಆಮ್ಲಜನಕ ಧಾರಾಳ ಸಿಗುತ್ತದೆ, ಕಪ್ಪಾಗುತ್ತದೆ. ಒಳಗೆ, ತಾಮ್ರಕ್ಕೆ ಅಂಟಿಕೊಂಡ ಕಡೆ, ಆಮ್ಲಜನಕ ಕಡಿಮೆ. ಅಲ್ಲಿ ಕೆಂಪು ಉಳಿಯುತ್ತದೆ.

ಬಣ್ಣದಲ್ಲೇ ಇದರ ಗುಣ ಬರೆದಿದೆ. ಕೆಂಪು ಆಕ್ಸೈಡಿನ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಒಂದನ್ನು ಎಬ್ಬಿಸಿ ಓಡಾಡುವಂತೆ ಮಾಡಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 590 ನ್ಯಾನೋಮೀಟರಿಗಿಂತ ಚಿಕ್ಕ ಅಲೆಯ ಬೆಳಕನ್ನು, ಅಂದರೆ ನೀಲಿ ಹಸಿರನ್ನೆಲ್ಲ, ನುಂಗುತ್ತದೆ. ಕೆಂಪನ್ನು ಬಿಟ್ಟುಬಿಡುತ್ತದೆ. ಕಪ್ಪು ಆಕ್ಸೈಡಿನ ಗ್ಯಾಪ್ 1.2ರಿಂದ 1.7ರ ಒಳಗೆ. ಅದು ಕಣ್ಣಿಗೆ ಕಾಣುವ ಎಲ್ಲ ಬೆಳಕನ್ನೂ ನುಂಗುತ್ತದೆ, ಅದಕ್ಕೇ ಕಪ್ಪು. ಇನ್ನು ಬಿಳಿ ಪೇಂಟಿನಲ್ಲಿ ಇರುವ ಟೈಟಾನಿಯಂ ಡೈಆಕ್ಸೈಡ್ ನೋಡಿ, ಗ್ಯಾಪ್ 3ರಿಂದ 3.2ರ ಒಳಗೆ. ಅದಕ್ಕೆ ಬರೀ ನೇರಳಾತೀತ ಕಿರಣ ಬೇಕು. ಬಿಸಿಲಿನಲ್ಲಿ ಅದರ ಪಾಲು 5% ಆಸುಪಾಸು ಅಷ್ಟೇ.

1972ರಲ್ಲಿ ಜಪಾನಿನ ಫುಜಿಷಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರು ಒಡೆಯಬಹುದು ಅಂತ ತೋರಿಸಿದರು. ಅವತ್ತಿನಿಂದ ಎಲ್ಲರೂ ಹುಡುಕುತ್ತಿರುವುದು, ಬಿಸಿಲಿನ ದೊಡ್ಡ ಪಾಲನ್ನು ಬಳಸಿಕೊಳ್ಳುವ, ಅಗ್ಗದ, ವಿಷವಲ್ಲದ ವಸ್ತುವನ್ನು. ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಕೆಂಪು ಆಕ್ಸೈಡಿನ 2.1 ಅದಕ್ಕೆ ಸಾಕು. ಅದರಲ್ಲಿ ಎದ್ದ ಎಲೆಕ್ಟ್ರಾನಿಗೆ ನೀರಿನಿಂದ ಹೈಡ್ರೋಜನ್ ಎಬ್ಬಿಸುವಷ್ಟು ಕಸುವೂ ಇದೆ. ತೊಂದರೆ ಏನು ಅಂದರೆ, ಆ ಎಲೆಕ್ಟ್ರಾನಿಗೆ ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಪಕ್ಕದಲ್ಲೇ ಕೂತಿರುವ ಕ್ಯೂಪ್ರಸ್ ಆಕ್ಸೈಡನ್ನೇ ತಾಮ್ರವಾಗಿ ಮಾಡುವುದು. ನೀರನ್ನು ಬಿಟ್ಟು ತನ್ನ ಮನೆಯ ಗೋಡೆಯನ್ನೇ ಕೆಡವುತ್ತದೆ. ಇನ್ನೊಂದು ಕಡೆ ಹೋಲ್‌ಗಳು (ಎಲೆಕ್ಟ್ರಾನ್ ಎದ್ದುಹೋದ ಖಾಲಿ ಜಾಗಗಳು) ಕೆಂಪನ್ನು ಕಪ್ಪು ಆಕ್ಸೈಡ್ ಮಾಡಬಲ್ಲವು. ಎರಡಕ್ಕೂ ಬೇಕಾದ ಶಕ್ತಿ ಅದೇ ಗ್ಯಾಪಿನ ಒಳಗೇ ಬೀಳುತ್ತದೆ. ಬೆಳಕಿನಿಂದ ಆಗುವ ಸವೆತ ಅಂತ ಇದನ್ನು ಕರೆಯುತ್ತೇವೆ.

ನಿಮ್ಮ ತಗಡು ಮಾಸಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಅಂದಾಜು. ಉಪ್ಪಿನ ಕ್ಲೋರೈಡೂ ತಾಮ್ರವನ್ನು ಕೆಣಕುತ್ತದೆ, ಅದರ ಪಾಲೂ ಇರಬಹುದು.

ಮಾಳಿಗೆ ಸೋಲಾರ್

ನಾನು ಮನೆ ಮಾಳಿಗೆಗೆ ಸೋಲಾರ್ ಪ್ಯಾನೆಲ್ ಹಾಕುವ ಕೆಲಸ ಮಾಡುತ್ತೇನೆ. ನಿಜವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಈಗ ನಾವು ಹಾಕುವ ಸಿಲಿಕಾನ್ ಪ್ಯಾನೆಲ್ ಬಿಸಿಲಿನ ಶಕ್ತಿಯಲ್ಲಿ 20%ಗಿಂತ ಜಾಸ್ತಿಯನ್ನು ಕರೆಂಟಾಗಿ ಕೊಡುತ್ತದೆ, 25 ವರ್ಷ ವಾರಂಟಿ. ತನ್ನನ್ನೇ ತಿನ್ನುವ ವಸ್ತುವಿನ ಹಿಂದೆ ಯಾಕೆ ಇಷ್ಟು ಜನ ಬಿದ್ದಿದ್ದಾರೆ? ಕರೆಂಟಿಗೆ ಸಿಲಿಕಾನ್ ಸಾಕಲ್ವಾ?

ಕೆಂಪು ಫಿಲ್ಮ್

ಕರೆಂಟಿಗೆ ಸಾಕು ಅಣ್ಣ. ಅದರಲ್ಲಿ ವಾದ ಇಲ್ಲ. ಆದರೆ ಗೊಬ್ಬರ, ಉಕ್ಕು, ಹಡಗಿನ ಇಂಧನ, ಇವಕ್ಕೆಲ್ಲ ಕರೆಂಟು ಸಾಲದು. ಹೈಡ್ರೋಜನ್ ಬೇಕು, ಇಂಗಾಲ ಇರುವ ಇಂಧನ ಬೇಕು. ಎಲೆ ಮಾಡುವ ಹಾಗೆ ಬಿಸಿಲಿನಿಂದ ನೇರ ಅದನ್ನೇ ಮಾಡಲು ಆಗುತ್ತದಾ ಅನ್ನುವುದು ನಮ್ಮ ಪ್ರಶ್ನೆ. ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರೂ ಕೃತಕ ದ್ಯುತಿಸಂಶ್ಲೇಷಣೆಯ ಮೇಲೆ ಕೆಲಸ ಮಾಡಿದ್ದಾರೆ. ಅದು ಒಂದು ಕಾರಣ.

ಇನ್ನೊಂದು ಕಾರಣ ನಿಮ್ಮ ಪ್ಯಾನೆಲ್‌ಗೇ ಸಂಬಂಧಿಸಿದ್ದು. ಕ್ಯೂಪ್ರಸ್ ಆಕ್ಸೈಡ್ ನೀಲಿ ಹಸಿರು ನುಂಗಿ ಕೆಂಪನ್ನು ಬಿಡುತ್ತದೆ ಅಂದೆನಲ್ಲ. ಸಿಲಿಕಾನ್ ಮೇಲೆ ಅದರ ತೆಳು ಸೆಲ್ ಒಂದನ್ನು ಹೊದಿಸಿದರೆ? ಮೇಲಿನದು ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತದೆ. ಜಪಾನಿನ ತೋಷಿಬಾ ಇದನ್ನೇ ಮಾಡುತ್ತಿದೆ. 2021ರಲ್ಲಿ ಅವರ ಪಾರದರ್ಶಕ ಸೆಲ್ 8.4% ಮುಟ್ಟಿತು. 25% ಕೊಡುವ ಸಿಲಿಕಾನ್ ಮೇಲೆ ಇಟ್ಟರೆ ಒಟ್ಟು 27.4% ಬರಬಹುದು ಅಂತ ಲೆಕ್ಕ ಹಾಕಿದ್ದರು. 2022ರಲ್ಲಿ 9.5%ಗೆ ಹೋದರು. ಗಾಳಿ ನೀರು ತಾಗದಂತೆ ಮುಚ್ಚಿದ ಸೆಲ್ ಆದ್ದರಿಂದ ಮೇಷ್ಟ್ರ ಜಾಡಿಯ ಕಾಟ ಅಲ್ಲಿಲ್ಲ.

ಮೇಷ್ಟ್ರೇ, ಮಕ್ಕಳಿಗೆ ಇದನ್ನು ಹೇಳಿ. 2016ರಲ್ಲಿ ಕನಜಾವಾದ ಮಿನಾಮಿ ಅವರ ತಂಡ 8.1% ಮುಟ್ಟಿದ್ದು ತಾಮ್ರದ ತಗಡನ್ನು ಸುಟ್ಟು ಮಾಡಿದ ಕ್ಯೂಪ್ರಸ್ ಆಕ್ಸೈಡ್ ಹಾಳೆಯಿಂದಲೇ. ಅವರು 1000 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಸುಟ್ಟರು, ಸೋಡಿಯಂ ಬೆರೆಸಿದರು, ಮೇಲೆ ಸತು ಮತ್ತು ಜರ್ಮೇನಿಯಂನ ಆಕ್ಸೈಡ್ ಹಚ್ಚಿದರು. ಆದರೆ ಮೂಲ ಕೆಲಸ ನಿಮ್ಮದೇ.

ಮಾಳಿಗೆ ಸೋಲಾರ್

ಒಪ್ಪಿದೆ. ಸಿಲಿಕಾನ್ ಮೇಲೆ ಕೂರುತ್ತದೆ ಅನ್ನುವುದು ನನಗೆ ಹೊಸದು. ನಾನು ಇದನ್ನು ಸಿಲಿಕಾನಿಗೆ ಎದುರಾಳಿ ಅಂದುಕೊಂಡಿದ್ದೆ.

ಪಿಯು ಫಿಸಿಕ್ಸ್ ಮೇಷ್ಟ್ರು

ವಯಸ್ಸಿನಲ್ಲಿ ಸಿಲಿಕಾನಿಗೆ ಇದು ಅಣ್ಣ. 1920ರ ದಶಕದಲ್ಲೇ ಅಮೆರಿಕದ ಗ್ರಾಂಡಾಲ್ ತಾಮ್ರದ ಆಕ್ಸೈಡಿನಿಂದ ರೆಕ್ಟಿಫೈಯರ್ ಮಾಡಿದ್ದರು, ಎಸಿಯನ್ನು ಡಿಸಿ ಮಾಡಲು. 30ರ ದಶಕದಲ್ಲಿ ಇದರ ಬೆಳಕಿನ ಸೆಲ್‌ಗಳು ಮಾರಾಟಕ್ಕೂ ಇದ್ದವು. ಬೆಲ್ ಲ್ಯಾಬ್ಸ್‌ನ ಸಿಲಿಕಾನ್ ಸೆಲ್ ಬಂದದ್ದು 1954ರಲ್ಲಿ. 6% ಕೊಟ್ಟಿತು, ಎಲ್ಲರೂ ಆ ಕಡೆ ಹೋದರು.

ಕೆಂಪು ಫಿಲ್ಮ್ ಅವರೇ, ಹಾಗಾದರೆ ನೀರಲ್ಲಿ ಉಳಿಸೋಕೆ ಏನು ಮಾಡುತ್ತೀರಿ? ಮಕ್ಕಳು ದಿನಾ ಕೇಳುತ್ತಿದ್ದಾರೆ.

ಕೆಂಪು ಫಿಲ್ಮ್

ಹೊದಿಕೆ. ನಮ್ಮ ಕ್ಷೇತ್ರದ ಹದಿನೈದು ವರ್ಷದ ಕಥೆ ಬಹುಪಾಲು ಹೊದಿಕೆಯ ಕಥೆ.

1998ರಲ್ಲಿ ಜಪಾನಿನ ಹರಾ, ಡೊಮೆನ್ ಮತ್ತಿತರರು ಕ್ಯೂಪ್ರಸ್ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕದಡಿ ಬೆಳಕು ಬಿಟ್ಟರೆ ಹೈಡ್ರೋಜನ್, ಆಮ್ಲಜನಕ ಎರಡೂ ಬರುತ್ತವೆ ಅಂತ ವರದಿ ಮಾಡಿದರು. ಮರುವರ್ಷವೇ ನೆದರ್‌ಲ್ಯಾಂಡ್ಸ್‌ನ ತಂಡವೊಂದು ಇದು ನಿಜಕ್ಕೂ ನೀರು ಒಡೆಯುವ ವೇಗವರ್ಧಕವೇ (ತಾನು ಸವೆಯದೆ ಕೆಲಸ ಮಾಡಿಸುವ ವಸ್ತುವೇ) ಅಂತ ಪ್ರಶ್ನೆ ಎತ್ತಿತು. ಬಹಳ ವರ್ಷ ಈ ವಸ್ತುವನ್ನು ಜನ ನಂಬಲಿಲ್ಲ.

2011ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಗ್ರೆಟ್ಜೆಲ್ ಅವರ ಲ್ಯಾಬಿನ ಪರಾಕ್ಕಿನೋ ಮತ್ತು ಸಂಗಡಿಗರು ಕೆಂಪು ಫಿಲ್ಮ್ ಮೇಲೆ ಸುಮಾರು 20 ನ್ಯಾನೋಮೀಟರ್ ಸತುವಿನ ಆಕ್ಸೈಡ್, ಅದರ ಮೇಲೆ ಸುಮಾರು 10 ನ್ಯಾನೋಮೀಟರ್ ಟೈಟಾನಿಯಂ ಡೈಆಕ್ಸೈಡ್, ತುದಿಗೆ ಪ್ಲಾಟಿನಂ ಹಚ್ಚಿದರು. ಒಂದೊಂದೇ ಅಣುಪದರ ಕೂರಿಸುವ ವಿಧಾನ ಅದು. ಹೊದಿಕೆಯಲ್ಲಿ ಒಂದು ಸೂಜಿಮೊನೆಯಷ್ಟು ತೂತು ಇದ್ದರೂ ನೀರು ಒಳಗೆ ಹೋಗಿ ಅಲ್ಲಿಂದಲೇ ಕೆಡುತ್ತದೆ. ಚದರ ಸೆಂಟಿಮೀಟರಿಗೆ 7.6 ಮಿಲಿ ಆಂಪಿಯರ್ ಬಂತು. ಈ ವಸ್ತುವಿನಿಂದ ಸಿಗಬಹುದಾದ ಗರಿಷ್ಠ 14.7. ಮೇಷ್ಟ್ರೇ, ನಿಮ್ಮದನ್ನು ಲೆಕ್ಕ ಹಾಕಿದೆ. ಬಿಸಿಲಿನ 38ರಲ್ಲಿ ನೆರಳಿನ 4 ಕಳೆದು ಉಳಿದ 34 ಮೈಕ್ರೋ ಆಂಪಿಯರನ್ನು 60 ಚದರ ಸೆಂ.ಮೀ.ಗೆ ಹಂಚಿದರೆ 0.6 ಮೈಕ್ರೋಕ್ಕೆ ಹತ್ತಿರ. ಅವರದು ಹತ್ತು ಸಾವಿರ ಪಟ್ಟಿಗಿಂತ ಜಾಸ್ತಿ. ಅವರು ಉಪಕರಣದಿಂದ ವೋಲ್ಟೇಜ್ ಕೊಟ್ಟು ಅಳೆದದ್ದು ಅನ್ನುವುದೂ ನೆನಪಿರಲಿ.

2018ರಲ್ಲಿ ಅದೇ ಲ್ಯಾಬು ಕ್ಯೂಪ್ರಸ್ ಆಕ್ಸೈಡಿನ ನ್ಯಾನೋ ತಂತಿಗಳ ಮೇಲೆ ಗ್ಯಾಲಿಯಂ ಆಕ್ಸೈಡ್ ಹೊದಿಸಿ 10 ಮಿಲಿ ಆಂಪಿಯರ್ ತೆಗೆಯಿತು. 100 ಗಂಟೆ ದಾಟಿ ನಿಂತಿತು. ಬೆಳಕು ನುಂಗಿ ಆಮ್ಲಜನಕ ಎಬ್ಬಿಸುವ ಬಿಸ್ಮತ್ ವೆನಡೇಟ್ ಜೊತೆ ಜೋಡಿಸಿದಾಗ ಹೊರಗಿನ ಕರೆಂಟಿಲ್ಲದೆ, ಬರೀ ಬೆಳಕಿನಲ್ಲಿ, ಬಿಸಿಲಿನ ಶಕ್ತಿಯ ಸುಮಾರು 3% ಹೈಡ್ರೋಜನ್ ಆಯಿತು.

ತಂತಿ ಯಾಕೆ ಅಂದರೆ, ಬೆಳಕು ಈ ವಸ್ತುವಿನೊಳಗೆ ಆಳಕ್ಕೆ ಇಳಿಯುತ್ತದೆ, ಆದರೆ ಅಲ್ಲಿ ಎದ್ದ ಎಲೆಕ್ಟ್ರಾನ್ ಅಷ್ಟು ದೂರ ನಡೆಯಲಾರದೆ ದಾರಿಯಲ್ಲೇ ಕಳೆದುಹೋಗುತ್ತದೆ. ತಂತಿ ಮಾಡಿದರೆ ಬೆಳಕಿಗೆ ಉದ್ದ ಸಿಗುತ್ತದೆ, ಎಲೆಕ್ಟ್ರಾನಿಗೆ ಪಕ್ಕಕ್ಕೆ ಹೊರಬೀಳಲು ಹತ್ತಿರದ ಬಾಗಿಲು ಸಿಗುತ್ತದೆ. 2024ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಈ ಹರಳು ಘನಾಕೃತಿಯದು. ಘನದ ಮೂಲೆಯಿಂದ ಎದುರು ಮೂಲೆಗೆ ಹೋಗುವ ದಿಕ್ಕಿನಲ್ಲಿ ಎಲೆಕ್ಟ್ರಾನ್‌ಗಳು ಚೆನ್ನಾಗಿ ಓಡುತ್ತವೆ. ಆ ದಿಕ್ಕಿಗೆ ಬೆಳೆಸಿದ ಫಿಲ್ಮ್‌ನಲ್ಲಿ ಕರೆಂಟು 70% ಏರಿತು. ನಾನು ಆ ಲೇಖನ ಓದಿದ ರಾತ್ರಿ ನಿದ್ದೆ ಮಾಡಲಿಲ್ಲ.

ಹಂಡೆ ಒಲೆ

ನಿಮ್ಮ ಲ್ಯಾಬಿನಲ್ಲಿ ಫಿಲ್ಮ್ ಹೇಗೆ ಮಾಡುತ್ತೀರಿ? ನೀವೂ ಒಲೆ ಮೇಲೆ ಸುಡುತ್ತೀರಾ?

ಕೆಂಪು ಫಿಲ್ಮ್

ಇಲ್ಲಮ್ಮ. ನಿಮಗೆ ಪರಿಚಯ ಇರುವ ವಸ್ತುಗಳಿಂದಲೇ ಮಾಡುತ್ತೇವೆ. ಮಲೆನಾಡಿನಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದಕ್ಕೆ ಹಾಕುವ ಮೈಲುತುತ್ತ. ಅದನ್ನು ನೀರಲ್ಲಿ ಕರಗಿಸಿ ಲ್ಯಾಕ್ಟಿಕ್ ಆಮ್ಲ ಹಾಕುತ್ತೇವೆ, ಮೊಸರಿನ ಹುಳಿ ಅದೇ. ಆಮೇಲೆ ಕಾಸ್ಟಿಕ್ ಸೋಡಾ ಹನಿ ಹನಿಯಾಗಿ. ತಿಳಿ ನೀಲಿ ನೀರು ಗಾಢ ನೀಲಿಗೆ ತಿರುಗುತ್ತದೆ. ಸುಮ್ನೆ ಸೋಡಾ ಹಾಕಿದರೆ ತಾಮ್ರ ಎಲ್ಲ ಗಸಿಯಾಗಿ ಕೆಳಗೆ ಕೂತುಬಿಡುತ್ತದೆ, ಲ್ಯಾಕ್ಟಿಕ್ ಆಮ್ಲ ಅದನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ಬೆಚ್ಚಗಿಟ್ಟು ಸಣ್ಣ ಕರೆಂಟು ಕೊಟ್ಟರೆ ಗಾಜಿನ ಮೇಲಿನ ಚಿನ್ನದ ಪದರದ ಮೇಲೆ ಕೆಂಪು ಫಿಲ್ಮ್ ಬೆಳೆಯುತ್ತದೆ. ದ್ರಾವಣದ ಪಿಎಚ್ (ಹುಳಿ, ಕ್ಷಾರದ ಅಳತೆ) 9 ಇದ್ದರೆ ಹರಳುಗಳು ಒಂದು ದಿಕ್ಕಿಗೆ ನಿಲ್ಲುತ್ತವೆ, 12 ಇದ್ದರೆ ಇನ್ನೊಂದು ದಿಕ್ಕಿಗೆ. ನಮ್ಮಲ್ಲಿ ಹೊಸಬರಿಗೆ ಮೊದಲು ಕಲಿಸುವುದು ಈ ಪಿಎಚ್ ಕಾಯುವ ಕೆಲಸವನ್ನೇ.

ಬಣ್ಣದ ನೀರು

ತಡವಾಗಿ ಸೇರುತ್ತಿದ್ದೇನೆ. ವೇಗವರ್ಧನೆಯ ಇನ್ನೊಂದು ಮುಖದ ಬಗ್ಗೆ ಎಚ್ಚರಿಕೆಯ ಮಾತು ಹೇಳಬೇಕು.

ನನ್ನ ಎಂಎಸ್ಸಿ ಪ್ರಾಜೆಕ್ಟ್ ಕಪ್ಪು ಆಕ್ಸೈಡ್ ಪುಡಿಯಿಂದ ಬಣ್ಣದ ನೀರು ಶುದ್ಧ ಮಾಡುವುದು. ಮೆಥಿಲೀನ್ ಬ್ಲೂ ಕರಗಿಸಿದ ನೀರಿಗೆ ಪುಡಿ ಹಾಕಿ ಬಿಸಿಲಲ್ಲಿ ಇಟ್ಟೆ. ಎರಡು ಗಂಟೆಯಲ್ಲಿ ನೀಲಿ ಮಾಯ. ಎಲ್ಲರೂ ಬೆನ್ನು ತಟ್ಟಿದರು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು, 'ಕತ್ತಲಲ್ಲಿ ಇಟ್ಟು ನೋಡಿದ್ದೀರಾ?' ನೋಡಿರಲಿಲ್ಲ. ಆಮೇಲೆ ಮಾಡಿದೆ. ಕತ್ತಲಲ್ಲೇ ಅರ್ಧಕ್ಕೂ ಜಾಸ್ತಿ ಬಣ್ಣ ಪುಡಿಗೆ ಸುಮ್ಮನೆ ಅಂಟಿಕೊಂಡಿತ್ತು. ಪುಡಿಯನ್ನು ತೆಗೆದು ನೋಡಿದರೆ ಅದೇ ನೀಲಿ. ಇನ್ನು ಪುಡಿಯೇ ಹಾಕದೆ ಬಿಸಿಲಲ್ಲಿಟ್ಟ ನೀರಿನ ಬಣ್ಣವೂ ಸ್ವಲ್ಪ ಇಳಿದಿತ್ತು, ಯಾಕೆಂದರೆ ಬಣ್ಣವೇ ಬೆಳಕು ನುಂಗಿ ಕೆಡುತ್ತದೆ. ವೇಗವರ್ಧಕದ ನಿಜವಾದ ಪಾಲು ಬಹಳ ಕಡಿಮೆ ಉಳಿಯಿತು. ಅವತ್ತು ಬೇಜಾರಾಯಿತು. ಇವತ್ತು ಆ ಪರೀಕ್ಷಕರಿಗೆ ಮನಸಾರೆ ಕೃತಜ್ಞತೆ ಹೇಳುತ್ತೇನೆ.

ತಾಮ್ರ ನೀರಿಗೆ ಬಿಡುತ್ತದೆ ಅನ್ನುವುದನ್ನೂ ಮರೆಯಬಾರದು. ಹಡಗಿನ ತಳಕ್ಕೆ ಪಾಚಿ, ಕಪ್ಪೆಚಿಪ್ಪು ಅಂಟದಿರಲಿ ಅಂತ ಹಚ್ಚುವ ಪೇಂಟಿನಲ್ಲಿ ಇದೇ ಕ್ಯೂಪ್ರಸ್ ಆಕ್ಸೈಡ್ ಇರುವುದು. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸರಿ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ನೀರು ಶುದ್ಧ ಮಾಡಿದೆವು ಅನ್ನುವವರು ಬಣ್ಣದ ಜೊತೆ ತಾಮ್ರವನ್ನೂ ಅಳೆದು ತೋರಿಸಬೇಕು. ಮೇಷ್ಟ್ರೇ, ಜಾಡಿಯ ನೀರನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಆ ಜಾಡಿ ಮತ್ತೆ ಉಪ್ಪಿನಕಾಯಿಗೆ ಬೇಡ.

ಕೆಂಪು ಫಿಲ್ಮ್

ಪ್ರತಿ ಮಾತೂ ಸರಿ. ಇಂಗಾಲದ ಡೈಆಕ್ಸೈಡನ್ನು ಇಂಧನ ಮಾಡುವ ಕೆಲಸದಲ್ಲೂ ಇದೇ ಎಚ್ಚರ ಬೇಕು. 1980ರ ದಶಕದ ಮಧ್ಯದಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಹೋರಿ ಅವರು ತಾಮ್ರದ ಮೇಲೆ ಇಂಗಾಲದ ಡೈಆಕ್ಸೈಡ್ ಮೀಥೇನ್, ಎಥಿಲೀನ್ ಆಗುವುದನ್ನು ತೋರಿಸಿದರು. ಇಷ್ಟು ಚೆನ್ನಾಗಿ ಈ ಕೆಲಸ ಮಾಡುವ ಶುದ್ಧ ಲೋಹ ಬೇರೆ ಇಲ್ಲ. ಆದರೆ ಆಕ್ಸೈಡ್ ಹಾಕಿ ಶುರು ಮಾಡಿದರೂ ಕೆಲಸ ನಡೆಯುವಾಗ ಅದರ ಮೇಲ್ಮೈ ತಾಮ್ರವಾಗಿ ಬದಲಾಗುತ್ತಿರುತ್ತದೆ. ಕೆಲಸ ಮಾಡಿದ್ದು ಆಕ್ಸೈಡೋ, ಅದರಿಂದ ಹುಟ್ಟಿದ ತಾಮ್ರವೋ ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ಪಿಯು ಫಿಸಿಕ್ಸ್ ಮೇಷ್ಟ್ರು

ಬಣ್ಣದ ನೀರು ಅವರ ಕತ್ತಲ ಪ್ರಶ್ನೆ ಓದಿ ನಮಗೂ ಬುದ್ಧಿ ಬಂತು. ಹೊಸ ತಗಡು ಸುಟ್ಟೆವು. ಅರ್ಧ ತಗಡಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಮೂರು ದಿನ ಬಿಸಿಲಲ್ಲಿ ಇಟ್ಟೆವು. ಟೇಪ್ ಬಿಚ್ಚಿದರೆ ಒಳಗೆ ಕೆಂಪು ಹಾಗೇ ಇದೆ, ಹೊರಗಿನ ಅರ್ಧ ಕಪ್ಪಾಗಿದೆ. ಬೆಳಕೇ ಕಾರಣ ಅಂತ ಸಾಬೀತಾಯಿತು ಅಲ್ವಾ?

ಕೆಂಪು ಫಿಲ್ಮ್

ಇನ್ನೂ ಇಲ್ಲ ಮೇಷ್ಟ್ರೇ. ಟೇಪ್ ಬೆಳಕನ್ನು ತಡೆಯಿತು, ಉಪ್ಪುನೀರನ್ನೂ ತಡೆಯಿತು. ಯಾವುದು ಉಳಿಸಿತು ಅಂತ ಹೇಳಲಾಗದು. ಟೇಪನ್ನು ಜಾಡಿಯ ಹೊರಗೆ, ಗಾಜಿನ ಮೇಲೆ ಅಂಟಿಸಿ. ಆಗ ನೀರು ಇಡೀ ತಗಡಿಗೆ ತಾಗುತ್ತದೆ, ನೆರಳು ಅರ್ಧಕ್ಕೆ ಮಾತ್ರ ಬೀಳುತ್ತದೆ. ಇನ್ನೊಂದು ಜಾಡಿಯಲ್ಲಿ ಉಪ್ಪಿನ ಬದಲು ಅಡುಗೆ ಸೋಡಾ ಹಾಕಿ ನೋಡಿ.

ಪಿಯು ಫಿಸಿಕ್ಸ್ ಮೇಷ್ಟ್ರು

ಒಂದು ವಾರ ಆಯಿತು, ಕ್ಷಮಿಸಿ. ಮಧ್ಯೆ ಮೋಡ ಇತ್ತು.

ಗಾಜಿನ ಹೊರಗೆ ಟೇಪ್ ಹಾಕಿದ ಜಾಡಿ: ನೆರಳಿನ ಅರ್ಧ ಸ್ವಲ್ಪ ಮಂಕಾಗಿದೆ, ಆದರೂ ಕೆಂಪೇ. ಬಿಸಿಲಿನ ಅರ್ಧ ಕಪ್ಪಾಗಿದೆ. ನಡುವಿನ ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೇರ ಇಲ್ಲ, ಸೂರ್ಯ ಸರಿದಂತೆ ನೆರಳೂ ಸರಿದಿದೆ. ಮಕ್ಕಳು ಅದರಲ್ಲೇ ಬೆಳಗಿನ ಕಡೆ ಯಾವುದು, ಸಂಜೆ ಕಡೆ ಯಾವುದು ಅಂತ ಗುರುತಿಸಿದರು. ಅಡುಗೆ ಸೋಡಾ ಜಾಡಿ: ಮೊದಲ ದಿನ 21 ಮಾತ್ರ ಬಂತು, ಆದರೆ ನಾಲ್ಕನೇ ದಿನವೂ 15 ಇದೆ. ಉಪ್ಪಿನದು 36ರಿಂದ 12ಕ್ಕೆ ಇಳಿದಿದೆ.

ಕೈ ಅಡ್ಡ ಹಿಡಿದ ಆ ಹುಡುಗಿ ಕೇಳುತ್ತಿದ್ದಾಳೆ, ನಮ್ಮ ತಗಡಿಗೂ ಹೊದಿಕೆ ಹಾಕಲು ಆಗುತ್ತದಾ ಅಂತ.

ಕೆಂಪು ಫಿಲ್ಮ್

ನಿಮ್ಮ ಅಂಕಿಗಳು ನನಗೆ ತುಂಬಾ ಹಿಡಿಸಿದವು ಮೇಷ್ಟ್ರೇ. ಬೆಳಕಿನ ಪಾಲು, ಉಪ್ಪಿನ ಪಾಲು, ಎರಡೂ ಕಾಣುತ್ತಿವೆ.

ಹೊದಿಕೆ ಮನೆಯಲ್ಲಿ ಆಗುವುದಿಲ್ಲ. ಲ್ಯಾಬಿನಲ್ಲಿ ಆಗುತ್ತದೆ, ನಮ್ಮ ಗೈಡ್ ಹತ್ತಿರ ಕೇಳಿದೆ, ಒಪ್ಪಿದ್ದಾರೆ. 2 ಸೆಂ.ಮೀ. ಚೌಕದ ನಾಲ್ಕು ತುಂಡು ಕತ್ತರಿಸಿ, ಆಮೇಲೆ ಸುಡಿ. ಸುಟ್ಟ ಮೇಲೆ ಕತ್ತರಿಸಿದರೆ ಪದರ ಬಿರಿಯುತ್ತದೆ. ಅಂಟಿಕೊಂಡ ಕರಿ ಚಕ್ಕೆಯನ್ನು ಉಗುರಿನಲ್ಲಿ ಕೆರೆಯಬೇಡಿ, ನಲ್ಲಿ ನೀರಿನ ಕೆಳಗೆ ಹಿಡಿದರೆ ಸಾಕು. ಎರಡು ತುಂಡಿಗೆ ಟೈಟಾನಿಯಂ ಡೈಆಕ್ಸೈಡ್ ಹಾಕಿ ಕೊಡುತ್ತೇನೆ, ಎರಡು ಹಾಗೇ ಇರಲಿ. ಯಾವುದಕ್ಕೆ ಹಾಕಿದೆ ಅಂತ ಹೇಳುವುದಿಲ್ಲ, ಹಿಂಬದಿಯಲ್ಲಿ ನಂಬರ್ ಮಾತ್ರ ಇರುತ್ತದೆ. ಅವಳು ಮೀಟರ್ ನೋಡಿ ಹೇಳಲಿ.

ಪಿಯು ಫಿಸಿಕ್ಸ್ ಮೇಷ್ಟ್ರು

ಸೋಮವಾರ ಸುಡುತ್ತೇವೆ. ಬುಧವಾರದ ಪೋಸ್ಟಿಗೆ ಹಾಕುತ್ತೇನೆ.